ಲೈಬ್ರರಿಯನ್‌ಗಳು ಹೊಸದಕ್ಕೆ ಹಿಂಜರಿಯುವುದು ಯಾಕೆ? ಕಳೆದ ಪುಸ್ತಕದ ದುಡ್ಡು ಯಾರು ಕಟ್ಟಬೇಕು ಅಂತ ಕೇಳಿ ನೋಡಿ

"ನಮ್ಮ ಲೈಬ್ರರಿಯನ್‌ಗೆ ಹೊಸದು ಅಂದ್ರೆ ಆಗೋದಿಲ್ಲ." ಕಾಲೇಜುಗಳ ಸ್ಟಾಫ್ ರೂಮಿನಲ್ಲಿ ಈ ಮಾತು ಆಗಾಗ ಕಿವಿಗೆ ಬೀಳುತ್ತದೆ. ಕಂಪ್ಯೂಟರ್ ಕೊಡಿಸಿದ್ದಾಯಿತು, ಸಾಫ್ಟ್‌ವೇರ್ ಹಾಕಿಸಿದ್ದಾಯಿತು, ಆದರೂ ದಪ್ಪ ರಿಜಿಸ್ಟರ್ ಮೇಜಿನ ಮೇಲಿಂದ ಹೋಗಿಲ್ಲ. ವಿದ್ಯಾರ್ಥಿಗಳನ್ನು ಪುಸ್ತಕದ ರ‍್ಯಾಕ್‌ವರೆಗೆ ಬಿಡಿ ಅಂದರೆ ಬೀರುಗಳ ಬೀಗ ತೆಗೆಯುವುದಿಲ್ಲ. ಹೀಗೆ ದೂರು ಸಾಗುತ್ತದೆ.

ಗ್ರಂಥಾಲಯ ವಿಜ್ಞಾನದಲ್ಲಿ ಇದು ಸಂಶೋಧನೆಯ ವಿಷಯವೂ ಹೌದು. ಪ್ರಶ್ನಾವಳಿ ಹಂಚಿ, ಹೊಸ ತಂತ್ರಜ್ಞಾನ ಕಲಿಯಲು ನಿಮಗೆ ಎಷ್ಟು ಆಸಕ್ತಿ ಎಂದು ಕೇಳುತ್ತಾರೆ. ಇಂಥ ಪ್ರಶ್ನೆಗೆ ಯಾರು ತಾನೆ "ಇಲ್ಲ" ಅಂತಾರೆ? ಹೆಚ್ಚಿನವರು ಆಸಕ್ತಿ ಇದೆ ಎಂದೇ ಗುರುತು ಹಾಕುತ್ತಾರೆ. ಆದರೆ ಅದೇ ಲೈಬ್ರರಿಗೆ ಹೋಗಿ ನೋಡಿದರೆ ಹೊಸದು ಅಷ್ಟಾಗಿ ಕಾಣುವುದಿಲ್ಲ. ಮನಸ್ಸಿಗೂ ಕೆಲಸಕ್ಕೂ ನಡುವಿನ ಈ ಅಂತರಕ್ಕೆ ಹಣ ಸಾಲದು, ತರಬೇತಿ ಸಾಲದು ಎಂಬ ಎರಡು ಕಾರಣ ಸಿಗುತ್ತವೆ. ಎರಡೂ ನಿಜವೇ. ಆದರೆ ಅಪರೂಪಕ್ಕೂ ಯಾರೂ ಕೇಳದ ಇನ್ನೊಂದು ಪ್ರಶ್ನೆ ಇದೆ. ಹೊಸ ಪ್ರಯತ್ನ ಕೆಟ್ಟರೆ ಅದರ ನಷ್ಟ ಯಾರ ತಲೆಗೆ ಬರುತ್ತದೆ? ಇಡೀ ವಿಷಯದ ಗಂಟು ಇರುವುದು ಇಲ್ಲೇ ಎಂಬುದು ನನ್ನ ನಂಬಿಕೆ.

ಲೈಬ್ರರಿಯ ಕಸುಬೇ ಹಳೆಯದಕ್ಕೆ ಅಂಟಿಕೊಳ್ಳುವಂಥದ್ದು ಎಂಬ ಭಾವನೆ ಇದೆಯಲ್ಲ, ಅದನ್ನು ಮೊದಲು ಬದಿಗಿಡೋಣ. ಹೆಚ್ಚಿನ ಆಫೀಸುಗಳು ಕಂಪ್ಯೂಟರ್ ಮುಖ ನೋಡುವ ಮೊದಲೇ, 1960ರ ದಶಕದಲ್ಲಿ, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಪುಸ್ತಕಗಳ ವಿವರವನ್ನು ಯಂತ್ರ ಓದುವಂತೆ ಬರೆಯುವ ಪದ್ಧತಿ ತಯಾರಿಸಿತು. ಹೆನ್ರಿಯೆಟ್ ಅವ್ರಮ್ ಎಂಬ ಪ್ರೋಗ್ರಾಮರ್ ಮುಂದೆ ನಿಂತು ರೂಪಿಸಿದ ಆ 'ಮಾರ್ಕ್' ಪದ್ಧತಿ ಇವತ್ತಿಗೂ ಜಗತ್ತಿನ ತುಂಬ ಬಳಕೆಯಲ್ಲಿದೆ. 1967ರಲ್ಲಿ ಓಹಿಯೋ ರಾಜ್ಯದ ಕಾಲೇಜು ಲೈಬ್ರರಿಗಳು ಒಟ್ಟಿಗೆ ಸೇರಿ, ಒಂದು ಪುಸ್ತಕದ ವಿವರವನ್ನು ಒಬ್ಬರು ಬರೆದರೆ ಉಳಿದವರೆಲ್ಲ ಅದನ್ನೇ ಬಳಸುವ ಏರ್ಪಾಡು ಮಾಡಿಕೊಂಡವು. ಅದಕ್ಕೆಂದು ಅವು ಕಟ್ಟಿಕೊಂಡ ಸಂಸ್ಥೆ, ಪುಸ್ತಕದ ವಿವರ ಬರೆದ ಕ್ಯಾಟಲಾಗ್ ಕಾರ್ಡನ್ನು ಕೊನೆಯ ಸಲ ಮುದ್ರಿಸಿದ್ದು 2015ರ ಅಕ್ಟೋಬರ್‌ನಲ್ಲಿ. ಹೊಸದನ್ನು ಮಾಡಿಕೊಳ್ಳುತ್ತಲೇ, ಹಳೆಯದು ಬೇಕಾದವರಿಗೆ ಸುಮಾರು ಅರ್ಧ ಶತಮಾನ ಕಾರ್ಡನ್ನೂ ಮುದ್ರಿಸಿಕೊಟ್ಟರು. ಅವಸರ ಮಾಡದೆ ಬದಲಾಗುವುದು ಅಂದರೆ ಇದೇ ಅಲ್ವಾ?

ನಮ್ಮ ಕಡೆಯ ಕಥೆ ಇನ್ನೂ ಚೆನ್ನಾಗಿದೆ. ಎಸ್.ಆರ್. ರಂಗನಾಥನ್ ಗಣಿತದ ಮೇಷ್ಟ್ರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಲೈಬ್ರರಿಯನ್ ಹುದ್ದೆಗೆ ಬಂದರು. ಬಂದ ಸ್ವಲ್ಪ ದಿನಕ್ಕೇ ಬೇಸರವಾಗಿ, ತಮ್ಮನ್ನು ಮತ್ತೆ ಪಾಠ ಹೇಳುವ ಕೆಲಸಕ್ಕೇ ಕಳಿಸಿ ಎಂದು ಕೇಳಿದರು. ಮೊದಲು ಲಂಡನ್‌ಗೆ ಹೋಗಿ ಓದಿಕೊಂಡು ಬನ್ನಿ, ಆಮೇಲೆ ನೋಡೋಣ ಎಂದು ಮೇಲಿನವರು ಹೇಳಿದರು. ಅಲ್ಲಿ ಅವರು ಲೈಬ್ರರಿಯಿಂದ ಲೈಬ್ರರಿಗೆ ಸುತ್ತಿದರು. ಪುಸ್ತಕ ಮಕ್ಕಳ ಕೈಗೆ, ಕೆಲಸಗಾರರ ಕೈಗೆ ಹೇಗೆ ಹೋಗುತ್ತದೆ ಎಂದು ಕಣ್ಣಾರೆ ಕಂಡರು. ವಾಪಸ್ ಬಂದವರು ಜೀವಮಾನವಿಡೀ ಲೈಬ್ರರಿ ಬಿಡಲಿಲ್ಲ. 'ಪುಸ್ತಕಗಳಿರುವುದು ಬಳಕೆಗೆ' ಎಂಬುದರಿಂದ ಶುರುವಾಗುವ ಅವರ ಐದು ಸೂತ್ರಗಳು 1931ರಲ್ಲಿ ಬಂದವು. ಆಮೇಲೆ ಬೆಂಗಳೂರಿಗೆ ಬಂದು ನೆಲೆಸಿ, 1962ರಲ್ಲಿ ಇಲ್ಲಿಯೇ ದಾಖಲೆ ವಿಜ್ಞಾನದ ತರಬೇತಿ ಕೇಂದ್ರ ಕಟ್ಟಿದರು. ಅವರ ಐದನೆಯ ಸೂತ್ರ ಹೇಳುವುದು ಲೈಬ್ರರಿ ಬೆಳೆಯುವ ಜೀವಿ ಎಂದು. ಈ ಕಸುಬಿನ ಹಿರಿಯರೇ ಬದಲಾವಣೆಯನ್ನು ಸೂತ್ರದೊಳಗೆ ಬರೆದಿಟ್ಟಿದ್ದಾರೆ.

ಹಾಗಿದ್ದ ಮೇಲೆ ಬೀರುಗಳಿಗೆ ಬೀಗ ಯಾಕೆ?

ಒಂದು ತಾಲ್ಲೂಕು ಕೇಂದ್ರದ ಪದವಿ ಕಾಲೇಜಿನ ಲೈಬ್ರರಿಯನ್ನು ಕಣ್ಮುಂದೆ ತಂದುಕೊಳ್ಳಿ. 15,000 ಪುಸ್ತಕ, ಒಬ್ಬರು ಲೈಬ್ರರಿಯನ್, ಒಬ್ಬ ಅಟೆಂಡರ್. ಎಷ್ಟೋ ಕಡೆ ಲೈಬ್ರರಿಯನ್ ಹುದ್ದೆಯೇ ಖಾಲಿ, ಕನ್ನಡದ್ದೋ ಇತಿಹಾಸದ್ದೋ ಅಧ್ಯಾಪಕರಿಗೆ ಪ್ರಭಾರ. ಈಗ ಆಟೊಮೇಶನ್ ಮಾಡಿ, ಅಂದರೆ ಪುಸ್ತಕಗಳ ಲೆಕ್ಕವನ್ನೆಲ್ಲ ಕಂಪ್ಯೂಟರ್‌ಗೆ ತನ್ನಿ ಎಂದು ಸೂಚನೆ ಬರುತ್ತದೆ. ಮಾಡುವುದು ಅಂದರೆ ಏನು ಗೊತ್ತಾ? ಪ್ರತಿ ಪುಸ್ತಕವನ್ನೂ ರ‍್ಯಾಕ್‌ನಿಂದ ತೆಗೆಯಬೇಕು. ಅಕ್ಸೆಶನ್ ರಿಜಿಸ್ಟರ್‌ನಲ್ಲಿ (ಲೈಬ್ರರಿಗೆ ಬಂದ ಪ್ರತಿ ಪುಸ್ತಕವನ್ನೂ ನಮೂದಿಸುವ ದಪ್ಪ ಪುಸ್ತಕ ಅದು) ಅದರ ಸಾಲು ಹುಡುಕಬೇಕು. 1970ರ ದಶಕದ ಸಾಲಾದರೆ ಶಾಯಿ ಮಾಸಿರುತ್ತದೆ, ಲೇಖಕರ ಹೆಸರು ಅರ್ಧ ಇರುತ್ತದೆ. ಶೀರ್ಷಿಕೆ, ಲೇಖಕ, ಪ್ರಕಾಶಕ, ವರ್ಷ, ಬೆಲೆ, ವರ್ಗೀಕರಣ ಸಂಖ್ಯೆ ಎಲ್ಲ ಟೈಪ್ ಮಾಡಬೇಕು. ಬಾರ್‌ಕೋಡ್ ಮುದ್ರಿಸಿ ಶೀರ್ಷಿಕೆ ಪುಟಕ್ಕೊಂದು, ಹಿಂಬದಿಗೊಂದು ಅಂಟಿಸಬೇಕು, ಮೇಲೆ ಪಾರದರ್ಶಕ ಟೇಪ್ ಹಾಕಬೇಕು. ಪುಸ್ತಕಕ್ಕೆ 6 ನಿಮಿಷ ಅಂತ ಇಟ್ಟುಕೊಂಡರೂ 1,500 ಗಂಟೆಯಾಯಿತು. ಇಶ್ಯೂ, ರಿಟರ್ನ್, ಸ್ಕಾಲರ್‌ಶಿಪ್ ಅರ್ಜಿ, ಪರೀಕ್ಷಾ ಕೆಲಸ ಎಲ್ಲ ಮುಗಿದ ಮೇಲೆ ದಿನಕ್ಕೆ ಎರಡು ಗಂಟೆ ಉಳಿಯುತ್ತದೆ ಅಂದುಕೊಂಡರೆ ಇದು 750 ಕೆಲಸದ ದಿನಗಳ ದುಡಿಮೆ. ಮೂರು ವರ್ಷಕ್ಕೂ ಜಾಸ್ತಿ.

ಇಷ್ಟೆಲ್ಲ ಮಾಡಿದ ಮೇಲೆ ರಿಜಿಸ್ಟರ್ ಹೋಗುತ್ತದಾ? ಹೋಗುವುದಿಲ್ಲ. ಆಡಿಟ್‌ಗೆ ಬಂದವರು ಕೈಬರಹದ, ಸಹಿ ಇರುವ ಪುಟ ಕೇಳುತ್ತಾರೆ. ಆಗ ಹೊಸ ವ್ಯವಸ್ಥೆ ಹಳೆಯದರ ಜಾಗಕ್ಕೆ ಬರುವುದಿಲ್ಲ, ಹಳೆಯದರ ಮೇಲೆ ಕೂರುತ್ತದೆ. ಕೆಲಸ ಎರಡಾಗುತ್ತದೆ, ಕೈಗಳು ಅಷ್ಟೇ ಇರುತ್ತವೆ. ದಪ್ಪ ರಿಜಿಸ್ಟರ್ ನೋಡಿ ಹಳೆಕಾಲದವರು ಎಂದು ತೀರ್ಮಾನ ಮಾಡುವವರು ಆ ರಿಜಿಸ್ಟರ್ ಕೇಳುವುದು ಯಾರು ಎಂದು ಒಮ್ಮೆ ವಿಚಾರಿಸಬೇಕು.

ಇದರಲ್ಲಿ ಇನ್ನೂ ಒಂದು ಭಯ ಅಡಗಿದೆ. ಎಲ್ಲ ಪುಸ್ತಕ ಕೈಗೆತ್ತಿಕೊಂಡು ರಿಜಿಸ್ಟರ್ ಜೊತೆ ತಾಳೆ ನೋಡಿದಾಗ, ಹಿಂದಿನ ಮೂವತ್ತು ವರ್ಷಗಳಲ್ಲಿ ಯಾರ್ಯಾರ ಕಾಲದಲ್ಲೋ ಹೋದ ಪುಸ್ತಕಗಳ ಲೆಕ್ಕ ಒಮ್ಮೆಲೇ ಮೇಲೆ ಬರುತ್ತದೆ. ಆ ಪಟ್ಟಿ ಯಾರ ಹೆಸರಿಗೆ ಅಂಟುತ್ತದೆ? ಈಗ ಚಾರ್ಜ್‌ನಲ್ಲಿರುವವರ ಹೆಸರಿಗೆ. ಆಟೊಮೇಶನ್ ಮಾಡದವರಿಗೆ ಕೊರತೆ ಪಟ್ಟಿ ಇಲ್ಲ, ಮಾಡಿದವರಿಗೆ ಇದೆ. ಇದನ್ನು ಗೊತ್ತಿದ್ದೂ ಮಾಡುವವರು ನಿಜಕ್ಕೂ ದೊಡ್ಡ ಮನಸ್ಸಿನವರು.

ನಿಯಮ ಏನು ಹೇಳುತ್ತದೆ ಎಂದು ಸ್ವಲ್ಪ ನಿಧಾನವಾಗಿ ನೋಡಬೇಕು, ಯಾಕೆಂದರೆ ಇಲ್ಲಿ ಆಶ್ಚರ್ಯದ ವಿಷಯ ಇದೆ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ 215ನೆಯದು ಲೈಬ್ರರಿ ಪುಸ್ತಕಗಳ ಪರಿಶೀಲನೆಯ ಬಗ್ಗೆ ಇದೆ. 20,000 ಪುಸ್ತಕದವರೆಗೆ ಪ್ರತಿ ವರ್ಷ ಪೂರ್ತಿ ಪರಿಶೀಲನೆ. 20,000ದಿಂದ 50,000ದವರೆಗೆ ಮೂರು ವರ್ಷಕ್ಕೊಮ್ಮೆ. ಅದಕ್ಕಿಂತ ದೊಡ್ಡ ಲೈಬ್ರರಿಯಾದರೆ ಮಾದರಿ ಪರಿಶೀಲನೆ ಸಾಕು. ಇದರ ಜೊತೆಗೆ, ಒಂದು ವರ್ಷದಲ್ಲಿ ಹೊರಗೆ ಕೊಟ್ಟ ಅಥವಾ ಓದಲು ತೆಗೆದ ಪ್ರತಿ 1,000 ಪುಸ್ತಕಕ್ಕೆ 5 ಕಳೆದರೆ ಅದನ್ನು ಸಹಜ ನಷ್ಟ ಎಂದು ಒಪ್ಪಬಹುದು. ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯ ಕಾರಣ ಆಗಿರಬಾರದು, ಅಷ್ಟೇ.

ಇದರ ಅರ್ಥ ಬಿಡಿಸಿ ನೋಡಿ. ಲೆಕ್ಕ ಹಾಕುವುದು ಲೈಬ್ರರಿಯಲ್ಲಿ ಎಷ್ಟು ಪುಸ್ತಕ ಇದೆ ಎಂಬುದರ ಮೇಲಲ್ಲ, ಎಷ್ಟು ಬಳಕೆಯಾಯಿತು ಎಂಬುದರ ಮೇಲೆ. ವರ್ಷಕ್ಕೆ 30,000 ಸಲ ಪುಸ್ತಕ ಕೈ ಬದಲಾಯಿಸಿದರೆ 150 ಪುಸ್ತಕ ಕಳೆದರೂ ನಿಯಮ ಒಪ್ಪುತ್ತದೆ. ಬೀಗ ಹಾಕಿ ಕೂತ ಲೈಬ್ರರಿಯಲ್ಲಿ ವರ್ಷಕ್ಕೆ 1,000 ಸಲ ಮಾತ್ರ ಪುಸ್ತಕ ಹೊರಬಂದರೆ ವಿನಾಯಿತಿ ಬರೀ 5. ಜಾಸ್ತಿ ಕೊಟ್ಟವರಿಗೆ ಜಾಸ್ತಿ ರಕ್ಷಣೆ! ನಿಯಮ ಬರೆದವರು ಪುಸ್ತಕ ಓಡಾಡಲಿ ಎಂದೇ ಬರೆದಿದ್ದಾರೆ.

ಆದರೆ ಅದೇ ನಿಯಮದ ಮುಂದಿನ ಸಾಲು ಕೈ ಕಟ್ಟುತ್ತದೆ. 1,000 ರೂಪಾಯಿಗಿಂತ ಹೆಚ್ಚು ಬೆಲೆಯ ಒಂದೇ ಪುಸ್ತಕ ಕಳೆದರೂ, ಅಪರೂಪದ ಪುಸ್ತಕವಾದರೆ ಬೆಲೆ ಎಷ್ಟೇ ಇರಲಿ, ತನಿಖೆ ಆಗಲೇಬೇಕು. ಅಪರೂಪದ ಪುಸ್ತಕದ ಮಾತು ಸರಿ. ಆದರೆ 1,000 ರೂಪಾಯಿ? ಇದೇ ಮಿತಿ 2005ರ ನಿಯಮಗಳಲ್ಲೂ ಇತ್ತು. ಇಷ್ಟು ವರ್ಷದಲ್ಲಿ ಬೆಲೆ ಎಲ್ಲಿಗೆ ಹೋಯಿತು! ಇವತ್ತು ಮೆಡಿಕಲ್, ಎಂಜಿನಿಯರಿಂಗ್ ಪಠ್ಯಗಳು ಸಲೀಸಾಗಿ ಈ ಗೆರೆ ದಾಟುತ್ತವೆ. ಅಂದರೆ ವಿದ್ಯಾರ್ಥಿಗಳಿಗೆ ಕೊಂಡುಕೊಳ್ಳಲು ಕಷ್ಟವಾದ, ಲೈಬ್ರರಿಯಿಂದಲೇ ಸಿಗಬೇಕಾದ ಪುಸ್ತಕಗಳೇ ಲೈಬ್ರರಿಯನ್‌ಗೆ ಅತಿ ಅಪಾಯದ ಪುಸ್ತಕಗಳಾಗಿವೆ. ಅವನ್ನು 'ರೆಫರೆನ್ಸ್' (ಅಲ್ಲೇ ಕೂತು ಓದಬೇಕು, ಹೊರಗೆ ಕೊಡುವುದಿಲ್ಲ) ಎಂದು ಮೊಹರು ಹೊಡೆದು ಒಳಗಿಟ್ಟರೆ ಅದನ್ನು ಹಟ ಅನ್ನುವುದು ನ್ಯಾಯವಲ್ಲ.

ಈ ನಿಯಮ ಕೇಂದ್ರದ ಸಂಸ್ಥೆಗಳಿಗೆ ಅನ್ವಯ. ರಾಜ್ಯದ ಕಾಲೇಜು, ಖಾಸಗಿ ಸಂಸ್ಥೆಗಳಲ್ಲಿ ಅವರವರದೇ ಪದ್ಧತಿ. ಅಲ್ಲೆಲ್ಲ 1,000ಕ್ಕೆ 5 ಎಂಬ ಮಾತು ಬರವಣಿಗೆಯಲ್ಲಿ ಇರುವುದು ಕಡಿಮೆ, ಸಂಬಳದಲ್ಲಿ ಹಿಡಿಯುವ ಭಯ ಮಾತ್ರ ಎಲ್ಲೆಡೆ ಇದೆ. ನಿವೃತ್ತಿ ಹತ್ತಿರ ಬಂದವರ ಪಾಡು ಇನ್ನೂ ಕಷ್ಟ. ಚಾರ್ಜ್ ಒಪ್ಪಿಸಬೇಕು, ಪುಸ್ತಕಗಳ ಲೆಕ್ಕ ಒಪ್ಪಿಸಬೇಕು, ಬಾಕಿ ಇಲ್ಲ ಎಂಬ ಪತ್ರ ಪಡೆಯಬೇಕು. ಆಮೇಲೆ ಪಿಂಚಣಿ ಕಾಗದ ಮುಂದಕ್ಕೆ ಹೋಗುತ್ತದೆ. ವಯಸ್ಸಾದ ಲೈಬ್ರರಿಯನ್‌ಗಳು ಬದಲಾವಣೆಗೆ ಒಗ್ಗುವುದಿಲ್ಲ ಎಂದು ಸುಮ್ನೆ ಹೇಳಿಬಿಡುತ್ತೇವೆ. ನಿವೃತ್ತಿಗೆ ಎರಡು ವರ್ಷ ಇರುವಾಗ ರ‍್ಯಾಕ್‌ಗಳನ್ನು ಎಲ್ಲರಿಗೂ ತೆರೆದಿಡಿ ಎಂದರೆ ಯಾವ ವಯಸ್ಸಿನವರಾದರೂ ಯೋಚಿಸುತ್ತಾರೆ. ತಡೆಯುತ್ತಿರುವುದು ವಯಸ್ಸಲ್ಲ, ಪಿಂಚಣಿ ಕಾಗದ.

ಹೊಸದು ಹೇಗೆ ಹರಡುತ್ತದೆ ಎಂಬುದರ ಬಗ್ಗೆ ಹೆಸರಾದ ಕೆಲಸ ಅಮೆರಿಕದ ಸಮಾಜ ವಿಜ್ಞಾನಿ ಎವೆರೆಟ್ ರೋಜರ್ಸ್ ಅವರದು. ಅದರ ಬೇರು ಇರುವುದು ಹೊಲದಲ್ಲಿ. ಅಯೋವಾದ ರೈತರು ಹೈಬ್ರಿಡ್ ಮೆಕ್ಕೆಜೋಳದ ಬೀಜವನ್ನು ಹೇಗೆ ಒಪ್ಪಿಕೊಂಡರು ಎಂದು ರಯಾನ್ ಮತ್ತು ಗ್ರಾಸ್ ಎಂಬ ಇಬ್ಬರು 1943ರಲ್ಲಿ ಬರೆದರು. ರೈತರು ಒಂದೇ ಸಲಕ್ಕೆ ಇಡೀ ಹೊಲಕ್ಕೆ ಹೊಸ ಬೀಜ ಹಾಕಲಿಲ್ಲ. ಮೊದಲು ಹೊಲದ ಒಂದು ಸಣ್ಣ ತುಂಡಿನಲ್ಲಿ ಬಿತ್ತಿ ನೋಡಿದರು. ಪಕ್ಕದವರ ಹೊಲದಲ್ಲಿ ಬೆಳೆದದ್ದನ್ನು ಕಂಡರು. ರೋಜರ್ಸ್ ಆಮೇಲೆ ಹೇಳಿದ್ದರಲ್ಲಿ ಎರಡು ಅಂಶ ಲೈಬ್ರರಿಗೆ ತುಂಬ ಹತ್ತಿರ. ಹೊಸದನ್ನು ಸಣ್ಣದಾಗಿ ಮಾಡಿ ನೋಡಲು ಸಾಧ್ಯವೇ? ಅದರ ಫಲ ಬೇರೆಯವರ ಕಣ್ಣಿಗೆ ಕಾಣುತ್ತದೆಯೇ?

ಇದನ್ನು ಇಟ್ಟುಕೊಂಡು ವಾಟ್ಸಾಪ್ ಕಡೆ ನೋಡಿ. ಯಾವ ಸುತ್ತೋಲೆಯೂ ಬರಲಿಲ್ಲ, ಯಾರೂ ತರಬೇತಿ ಕೊಡಲಿಲ್ಲ. 2020ರ ಲಾಕ್‌ಡೌನ್‌ನಲ್ಲಿ, ಬಾಗಿಲು ಮುಚ್ಚಿದ ಲೈಬ್ರರಿಗಳ ಸಿಬ್ಬಂದಿ ತಾವಾಗಿ ಗುಂಪು ಮಾಡಿಕೊಂಡು ಹಳೆಯ ಪ್ರಶ್ನೆಪತ್ರಿಕೆ, ಪಿಡಿಎಫ್, ಲಿಂಕ್‌ಗಳನ್ನು ವಿದ್ಯಾರ್ಥಿಗಳಿಗೆ ಕಳಿಸಿದರು. ಈಗಲೂ ಹೊಸ ಪುಸ್ತಕ ಬಂದರೆ ಮುಖಪುಟದ ಫೋಟೊ ಸ್ಟೇಟಸ್‌ಗೆ ಹಾಕುವ ಲೈಬ್ರರಿಯನ್‌ಗಳು ಬೇಕಾದಷ್ಟು ಜನ ಇದ್ದಾರೆ. 'ಹೊಸದು ಆಗೋದಿಲ್ಲ' ಎಂದು ಹೆಸರು ಹೊತ್ತವರೇ ಇವರು. ವಾಟ್ಸಾಪ್‌ಗೆ ಟೆಂಡರ್ ಇಲ್ಲ, ಸ್ಟಾಕ್ ಕೊರತೆ ಬರುವುದಿಲ್ಲ, ಸರಿಹೋಗದಿದ್ದರೆ ನಾಳೆ ನಿಲ್ಲಿಸಬಹುದು. "ಮೇಡಂ, ಆ ಪುಸ್ತಕ ನನಗೆ ಇಡಿ" ಅಂತ ಹತ್ತೇ ನಿಮಿಷದಲ್ಲಿ ಉತ್ತರ ಬರುತ್ತದೆ. ಫಲ ಕಣ್ಣೆದುರಿಗೇ ಇದೆ.

ಇದಕ್ಕೆ ತದ್ವಿರುದ್ಧ, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ತಂಡ ಬರುವ ವರ್ಷ. ಲೈಬ್ರರಿ ಆಟೊಮೇಟ್ ಆಗಿದೆಯೇ ಎಂಬ ಪ್ರಶ್ನೆ ಅದರ ಮೌಲ್ಯಮಾಪನದಲ್ಲಿ ಇದೆ. ಇರಬೇಕಾದ್ದೇ. ಆದರೆ ಎಷ್ಟೋ ಕಡೆ ತಂಡ ಬರುವ ಕೆಲವು ತಿಂಗಳ ಮುಂಚೆ ಸಾಫ್ಟ್‌ವೇರ್ ಬರುತ್ತದೆ. ಹೊರಗಿನ ಹುಡುಗರು ಬಂದು ಪುಸ್ತಕಗಳ ವಿವರ ಆತುರದಲ್ಲಿ ತುಂಬುತ್ತಾರೆ. ತಂಡ ಹೋದ ಮೇಲೆ ವಾರ್ಷಿಕ ನಿರ್ವಹಣಾ ಶುಲ್ಕ ಯಾರೂ ಕಟ್ಟುವುದಿಲ್ಲ. ಒಂದು ದಿನ ಹಾರ್ಡ್ ಡಿಸ್ಕ್ ಹೋಗುತ್ತದೆ, ಬ್ಯಾಕಪ್ ಇರುವುದಿಲ್ಲ. ಅಥವಾ ಕಂಪನಿ ಮುಚ್ಚುತ್ತದೆ, ಮಾಹಿತಿಯನ್ನು ಬೇರೆ ಸಾಫ್ಟ್‌ವೇರ್‌ಗೆ ಸಾಗಿಸಲು ಬರುವುದಿಲ್ಲ. ಒಮ್ಮೆ ಹೀಗೆ ಸುಟ್ಟುಕೊಂಡ ಲೈಬ್ರರಿಯನ್ ಎರಡನೆಯ ಸಲ ಕೇಳಿದಾಗ ತಡೆದು ತಡೆದು ಉತ್ತರ ಕೊಡುತ್ತಾರೆ. ಅದು ಅನುಭವ.

ಹೋಲಿಕೆಗೆ ನ್ಯೂಜಿಲೆಂಡಿನ ಹೊರೊಫೆನುವಾ ಎಂಬ ಸಣ್ಣ ಪ್ರದೇಶದ ಲೈಬ್ರರಿ ಟ್ರಸ್ಟ್ ನೋಡಬೇಕು. 1999ರಲ್ಲಿ ಅವರ ಹಳೆಯ ಸಾಫ್ಟ್‌ವೇರ್ 2000ನೇ ಇಸವಿ ದಾಟುವುದಿಲ್ಲ ಎಂದು ಗೊತ್ತಾಯಿತು. ದೊಡ್ಡ ಕಂಪನಿಯ ಸಾಫ್ಟ್‌ವೇರ್ ಕೊಳ್ಳುವ ಬದಲು, ಕಟಿಪೊ ಎಂಬ ಚಿಕ್ಕ ಸಂಸ್ಥೆಯ ಜೊತೆ ಸೇರಿ ತಮಗೆ ಬೇಕಾದ್ದನ್ನು ತಾವೇ ಬರೆಸಿದರು. 2000ದ ಜನವರಿಯಲ್ಲಿ ಅದು ಕೆಲಸ ಶುರು ಮಾಡಿತು. ಯಾರು ಬೇಕಾದರೂ ಬಳಸಲಿ ಎಂದು ಬಿಟ್ಟುಕೊಟ್ಟರು. ಅದೇ 'ಕೋಹಾ'. ಇವತ್ತು ಕರ್ನಾಟಕದ ಕಾಲೇಜುಗಳಲ್ಲೂ ಅದು ನಡೆಯುತ್ತಿದೆ. ಆ ಲೈಬ್ರರಿಯ ಜನ ನಮ್ಮವರಿಗಿಂತ ಬುದ್ಧಿವಂತರು ಅಂತೇನೂ ಅಲ್ಲ. ತೀರ್ಮಾನ ಮಾಡುವ ಅಧಿಕಾರ ಅವರ ಕೈಯಲ್ಲಿತ್ತು. ನಮ್ಮಲ್ಲಿ ಸಾಫ್ಟ್‌ವೇರ್ ಯಾವುದು ಎಂದು ನಿರ್ಧರಿಸುವುದು ಖರೀದಿ ಸಮಿತಿ, ಬಳಸುವುದು ಲೈಬ್ರರಿಯನ್. ಕೋಹಾ ಉಚಿತ ನಿಜ. ಅದು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಮೇಲೆ ಓಡುತ್ತದೆ, ಸರ್ವರ್ ಕೆಟ್ಟರೆ ನೋಡಿಕೊಳ್ಳುವವರು ಬೇಕು. ಎನ್‌ಐಸಿಯ 'ಇ-ಗ್ರಂಥಾಲಯ', ಇನ್‌ಫ್ಲಿಬ್‌ನೆಟ್‌ನ 'ಸೋಲ್' ಎಂಬ, ಸರ್ಕಾರಿ ಸಂಸ್ಥೆಗಳೇ ಮಾಡಿದ ಲೈಬ್ರರಿ ಸಾಫ್ಟ್‌ವೇರ್‌ಗಳೂ ಇವೆ. ಆಯ್ಕೆಗಳಿಗೆ ಬರ ಇಲ್ಲ. ಫೋನ್ ಮಾಡಿದರೆ ಬಂದು ಸರಿಮಾಡಿಕೊಡುವ ಒಬ್ಬರು ಜಿಲ್ಲೆಯಲ್ಲಿದ್ದಾರೆಯೇ ಎಂಬುದೇ ಕೊನೆಗೆ ತೀರ್ಮಾನಿಸುವ ಮಾತು.

ಕನ್ನಡ ಪುಸ್ತಕಗಳ ವಿಷಯ ಬಂದರೆ ಲೈಬ್ರರಿಯನ್‌ಗಳ ಅನುಮಾನಕ್ಕೆ ಇನ್ನೂ ಗಟ್ಟಿ ಆಧಾರ ಇದೆ. ಎಲ್ಲ ಕಂಪ್ಯೂಟರ್‌ಗಳಿಗೂ ಒಂದೇ ಆದ ಅಕ್ಷರ ಸಂಕೇತ, ಅಂದರೆ ಯೂನಿಕೋಡ್, ರೂಢಿಗೆ ಬರುವ ಮೊದಲು ಎಷ್ಟೋ ಲೈಬ್ರರಿಗಳು ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೆಯ ಫಾಂಟ್‌ಗಳಲ್ಲಿ ವಿವರ ತುಂಬಿದವು. ಪರದೆಯ ಮೇಲೆ ಕನ್ನಡ ಕಾಣುತ್ತಿತ್ತು, ಒಳಗೆ ಕೂತಿದ್ದದ್ದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ. ಹೊಸ ಸಾಫ್ಟ್‌ವೇರ್‌ಗೆ ಸಾಗಿಸಿದಾಗ ಶೀರ್ಷಿಕೆಗಳೆಲ್ಲ ಅರ್ಥವಿಲ್ಲದ ಗುರುತುಗಳಾದವು. ಇನ್ನು ಕೆಲವರು ಕನ್ನಡ ಶೀರ್ಷಿಕೆಯನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆದರು. ತೇಜಸ್ವಿ ಎಂಬ ಹೆಸರಿನ ಕೊನೆಯ ಅಕ್ಷರಕ್ಕೆ ಒಬ್ಬರು 'ವಿ' ಬರೆದರೆ ಇನ್ನೊಬ್ಬರು 'ಡಬ್ಲ್ಯು' ಬರೆದರು. ಈಗ ಒಂದು ಕಾಗುಣಿತದಲ್ಲಿ ಹುಡುಕಿದರೆ ಅರ್ಧ ಪುಸ್ತಕ ಮಾತ್ರ ಸಿಗುತ್ತದೆ. ಕುವೆಂಪು ಪುಸ್ತಕ ಒಂದು ಕಡೆ ಕುವೆಂಪು ಹೆಸರಲ್ಲಿ, ಇನ್ನೊಂದು ಕಡೆ ಪುಟ್ಟಪ್ಪ ಕೆ.ವಿ. ಎಂಬ ಹೆಸರಲ್ಲಿ ಇರುತ್ತದೆ. ಎರಡನ್ನೂ ಜೋಡಿಸುವ ಕೊಂಡಿ ಯಾರೂ ಹಾಕಿರುವುದಿಲ್ಲ. ಯೂನಿಕೋಡ್‌ನಲ್ಲೂ ತೊಡಕಿದೆ. 'ಕಾರ್ಯ' ಎಂದು ಅರ್ಕಾವೊತ್ತಿನಲ್ಲಿ ಬರೆದದ್ದೂ, 'ಕಾರ‍್ಯ' ಎಂದು ಬಿಡಿಸಿ ಬರೆದದ್ದೂ ನಮಗೆ ಒಂದೇ. ಒಳಗೆ ಕಣ್ಣಿಗೆ ಕಾಣದ ಒಂದು ಗುರುತು ಸೇರಿಕೊಂಡಿರುವುದರಿಂದ ಕಂಪ್ಯೂಟರ್‌ಗೆ ಅವು ಎರಡು ಬೇರೆ ಪದ.

ಇಪ್ಪತ್ತು ವರ್ಷ ಕನ್ನಡ ವಿಭಾಗ ನೋಡಿಕೊಂಡ ಲೈಬ್ರರಿಯನ್ ಹತ್ತಿರ ಪುಸ್ತಕ ಕೇಳಿ. ಎದ್ದು ಹೋಗಿ, ಮೂರನೇ ರ‍್ಯಾಕ್, ಕೆಳಗಿನ ಸಾಲು, ನೀಲಿ ರಟ್ಟು ಎಂದು ತಂದುಕೊಡುತ್ತಾರೆ. ಕಂಪ್ಯೂಟರ್ 'ಯಾವುದೂ ಸಿಗಲಿಲ್ಲ' ಎಂದು ತೋರಿಸುತ್ತಿರುತ್ತದೆ. ಯಾವುದನ್ನು ನಂಬಬೇಕು ಅವರು? ಕನ್ನಡಕ್ಕೆ ಕೆಲಸ ಮಾಡುವ ಹುಡುಕಾಟ ಕೊಡದೆ ಅವರನ್ನು ದೂರುವುದರಲ್ಲಿ ಅರ್ಥವಿಲ್ಲ. ಅವರ ತಲೆಯಲ್ಲಿರುವ ಈ ತಿಳಿವಳಿಕೆ, ಅಂದರೆ ಯಾವ ಲೇಖಕರಿಗೆ ಯಾವ ಯಾವ ಹೆಸರುಗಳು, ಯಾವ ಪುಸ್ತಕ ಯಾವ ಶೀರ್ಷಿಕೆಯಲ್ಲಿ ಮರುಮುದ್ರಣ ಆಯಿತು ಎಂಬುದು, ನಿವೃತ್ತಿಯ ದಿನ ಅವರ ಜೊತೆಗೇ ಹೊರಟುಹೋಗುತ್ತದೆ. ನನಗೆ ನಿಜಕ್ಕೂ ಸಂಕಟವಾಗುವುದು ಇದಕ್ಕೆ. ಆಟೊಮೇಶನ್ ಎಂದರೆ ಮೊದಲು ಆ ತಿಳಿವಳಿಕೆಯನ್ನು ಬರೆದಿಟ್ಟುಕೊಳ್ಳುವುದಾಗಬೇಕಿತ್ತು.

ರಾಜ್ಯದಲ್ಲಿ ಈಚಿನ ವರ್ಷಗಳ ದೊಡ್ಡ ಬದಲಾವಣೆ ನಡೆದದ್ದು ವಿಶ್ವವಿದ್ಯಾಲಯಗಳಲ್ಲಲ್ಲ, ಹಳ್ಳಿಗಳಲ್ಲಿ. 2019ರಲ್ಲಿ 5,600ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. 2020ರ ಕೊನೆಗೆ 'ಓದುವ ಬೆಳಕು' ಕಾರ್ಯಕ್ರಮ ಶುರುವಾಯಿತು. 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತವಾಯಿತು. ಶಾಲೆಗಳು ಮುಚ್ಚಿದ್ದ ಆ ದಿನಗಳಲ್ಲಿ ಲಕ್ಷಗಟ್ಟಲೆ ಮಕ್ಕಳು ಲೈಬ್ರರಿಗೆ ಸೇರಿದರು. ಗೋಡೆಗೆ ಬಣ್ಣ ಬಂತು, ಚೆಸ್ ಬೋರ್ಡ್ ಬಂತು, ಕಥೆ ಹೇಳುವ ಮಧ್ಯಾಹ್ನಗಳು ಬಂದವು, ಆಮೇಲೆ ಕಂಪ್ಯೂಟರ್. ಈಗ ಇವಕ್ಕೆ 'ಅರಿವು ಕೇಂದ್ರ' ಎಂದು ಹೆಸರು.

ಇದನ್ನೆಲ್ಲ ಮಾಡಿದವರು ಗೌರವಧನಕ್ಕೆ ದುಡಿಯುವ ಮೇಲ್ವಿಚಾರಕರು. ಗ್ರಂಥಾಲಯ ವಿಜ್ಞಾನದ ಸ್ನಾತಕೋತ್ತರ ಪದವಿ ಅವರಲ್ಲಿ ಅಪರೂಪ. ಹಾಗಾದರೆ ಅಷ್ಟು ಬೇಗ ಹೇಗೆ ಬದಲಾದರು? ನನಗೆ ಕಾಣುವಂತೆ, ಮಕ್ಕಳಿಗೆ ಪುಸ್ತಕ ಕೊಡಿ ಎಂಬ ಮಾತು ಮೇಲಿನಿಂದಲೇ ಬಂತು. ಠೇವಣಿ ಇಲ್ಲದೆ ಮಗುವಿಗೆ ಪುಸ್ತಕ ಕೊಟ್ಟ ಹೊಣೆ ಒಬ್ಬ ಮೇಲ್ವಿಚಾರಕನ ತಲೆಗೆ ಬರಲಿಲ್ಲ, ಆದೇಶ ಬೆನ್ನಿಗಿತ್ತು. ಜೊತೆಗೆ ಪಕ್ಕದ ಪಂಚಾಯಿತಿಯವರು ಏನು ಮಾಡಿದರು ಎಂಬುದು ಫೋಟೊ ಸಮೇತ ಮೊಬೈಲ್‌ನಲ್ಲಿ ಬರುತ್ತಿತ್ತು. ರಂಗನಾಥನ್ ಅವರಿಗೆ ಲಂಡನ್‌ನಲ್ಲಿ ಆದದ್ದೇ ಇವರಿಗೂ ಆಯಿತು. ನಡೆಯುತ್ತಿರುವ ಲೈಬ್ರರಿಯೊಂದನ್ನು ಕಣ್ಣಾರೆ ಕಂಡರು.

ಇಷ್ಟು ಮಾಡಿದವರ ಗೌರವಧನ ಸಮಯಕ್ಕೆ ಸರಿಯಾಗಿ ಬರುವುದಿಲ್ಲ ಎಂಬ ಕೂಗು ಇನ್ನೂ ನಿಂತಿಲ್ಲ. 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆ 6 ಪರ್ಸೆಂಟ್ ಗ್ರಂಥಾಲಯ ಕರ ವಸೂಲಾಗುತ್ತದೆ. ಸ್ಥಳೀಯ ಸಂಸ್ಥೆಗಳು ವಸೂಲು ಮಾಡಿದ್ದನ್ನು ಪೂರ್ತಿ ಲೈಬ್ರರಿಗೆ ಕೊಡುತ್ತಿಲ್ಲ ಎಂಬ ದೂರು ಬಹಳ ಹಳೆಯದು. ಜನ ಲೈಬ್ರರಿಗೆಂದೇ ಕಟ್ಟಿದ ದುಡ್ಡು ಅದು.

ಈಗ ಎಐ ಸರದಿ. ಎಐ ಹಾಕಿ, ಇಲ್ಲದಿದ್ದರೆ ಹಿಂದೆ ಬೀಳುತ್ತೀರಿ ಎಂಬ ಒತ್ತಡ ಲೈಬ್ರರಿಗಳ ಮೇಲೂ ಇದೆ. ಇಲ್ಲಿ ಹಿಂಜರಿಯುವವರ ಪರ ನಾನು ನಿಲ್ಲುತ್ತೇನೆ. 2025ರ ಮೇ ತಿಂಗಳಲ್ಲಿ ಅಮೆರಿಕದ 'ಷಿಕಾಗೊ ಸನ್-ಟೈಮ್ಸ್' ಪತ್ರಿಕೆಯ ಪುರವಣಿಯೊಂದರಲ್ಲಿ ಬೇಸಿಗೆ ಓದಿಗೆಂದು 15 ಪುಸ್ತಕಗಳ ಪಟ್ಟಿ ಬಂತು. ಅದರಲ್ಲಿ 10 ಪುಸ್ತಕಗಳು ಇಲ್ಲವೇ ಇಲ್ಲ. ಲೇಖಕರು ನಿಜ, ಪುಸ್ತಕಗಳು ಎಐ ಕಟ್ಟಿದ್ದು. ಇಂಥ ಚೀಟಿ ಹಿಡಿದು ಕೌಂಟರ್‌ಗೆ ಬಂದವರಿಗೆ, ಈ ಪುಸ್ತಕ ಯಾರೂ ಬರೆದಿಲ್ಲ ಎಂದು ಹುಡುಕಿ ಹೇಳಬೇಕಾದವರು ಲೈಬ್ರರಿಯನ್. ಪರಿಶೀಲಿಸದೆ ಒಪ್ಪದಿರುವುದು ಈ ಕಸುಬಿನ ಗುಣ. ಅದನ್ನು ಹಿಂದುಳಿದಿರುವಿಕೆ ಎಂದು ಕರೆಯಬೇಡಿ.

ಹಾಗಂತ ಹಳೆಯದೇ ಸುರಕ್ಷಿತ ಅಂತಲೂ ಅಲ್ಲ. 2023ರ ಅಕ್ಟೋಬರ್‌ನಲ್ಲಿ ಬ್ರಿಟಿಷ್ ಲೈಬ್ರರಿಯ ಕಂಪ್ಯೂಟರ್‌ಗಳ ಮೇಲೆ ಸೈಬರ್ ದಾಳಿ ಆಯಿತು. ಮುಖ್ಯ ಕ್ಯಾಟಲಾಗ್ ಮತ್ತೆ ನೋಡಲು ಸಿಕ್ಕಿದ್ದು 2024ರ ಜನವರಿಯಲ್ಲಿ. ಕಾಲಕಾಲಕ್ಕೆ ಬದಲಾಯಿಸದೆ ಉಳಿಸಿಕೊಂಡ ಹಳೆಯ ವ್ಯವಸ್ಥೆಗಳಿಂದಾಗಿ ಚೇತರಿಕೆ ಕಷ್ಟವಾಯಿತು ಎಂದು ಸಂಸ್ಥೆಯೇ ಆಮೇಲೆ ಪ್ರಕಟಿಸಿದ ವರದಿಯಲ್ಲಿ ಹೇಳಿಕೊಂಡಿತು. ತಡ ಮಾಡಿದ್ದಕ್ಕೂ ಬೆಲೆ ಇದೆ. ಆ ಬೆಲೆ ಕಾಣಿಸಿಕೊಳ್ಳುವುದು ಮಾತ್ರ ತಡವಾಗಿ, ಅದರಿಂದ ಯಾರೂ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ನಷ್ಟದ ಹೊಣೆ ಮೇಲಿನವರು ಹೊತ್ತಾಗ ಏನಾಗುತ್ತದೆ ಎಂಬುದಕ್ಕೆ ಇನ್ನೊಂದು ಉದಾಹರಣೆ ಈಗ ನಮ್ಮ ಮುಂದಿದೆ. 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' ಎಂಬ, ಸಂಶೋಧನಾ ಜರ್ನಲ್‌ಗಳ ಚಂದಾ ಸರ್ಕಾರವೇ ಕಟ್ಟುವ ಯೋಜನೆಗೆ ಕೇಂದ್ರ ಸಂಪುಟ 2024ರ ನವೆಂಬರ್ 25ರಂದು ಒಪ್ಪಿಗೆ ಕೊಟ್ಟಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು, 6,300 ಸರ್ಕಾರಿ ಸಂಸ್ಥೆಗಳು. ಯಾವ ಜರ್ನಲ್ ತರಿಸಬೇಕು, ದುಡ್ಡು ವ್ಯರ್ಥವಾದರೆ ಏನು ಗತಿ ಎಂಬ ಚಿಂತೆ ಕಾಲೇಜು ಲೈಬ್ರರಿಯನ್‌ಗೆ ಇಲ್ಲ. ಆದರೆ ಈ ಸಂಪತ್ತು ಒಬ್ಬ ಎಂ.ಎ. ವಿದ್ಯಾರ್ಥಿನಿಯ ಕೈಗೆ ತಲುಪಬೇಕಾದರೆ, ಪಕ್ಕದಲ್ಲಿ ಕೂತು "ನೋಡಮ್ಮ, ಹೀಗೆ ಹುಡುಕು" ಎಂದು ತೋರಿಸಲು ಒಬ್ಬರು ಬೇಕು. ಹುದ್ದೆಯೇ ಖಾಲಿ ಇರುವ ಕಾಲೇಜಿನಲ್ಲಿ ಆ ಕೆಲಸ ಯಾರು ಮಾಡುತ್ತಾರೆ?

ತರಬೇತಿಯ ಬಗ್ಗೆಯೂ ಒಂದು ಮಾತು. ಬೆಂಗಳೂರಿನ ಹಾಲ್‌ನಲ್ಲಿ ಎರಡು ದಿನ ಸ್ಲೈಡ್ ತೋರಿಸಿ, ಪ್ರಮಾಣಪತ್ರ ಕೊಟ್ಟು ಕಳಿಸಿದರೆ ಊರಿಗೆ ಹೋಗುವಷ್ಟರಲ್ಲಿ ಮರೆತಿರುತ್ತದೆ. ಅದೇ ಎರಡು ದಿನ ತಿಳಿದವರೊಬ್ಬರು ಆ ಕಾಲೇಜಿಗೇ ಹೋಗಿ, ಅಲ್ಲಿನ ಪುಸ್ತಕಗಳನ್ನೇ ಇಟ್ಟುಕೊಂಡು ಮೊದಲ ಇನ್ನೂರು ನಮೂದು ಜೊತೆಗೆ ಮಾಡಿಸಿದರೆ ಲೆಕ್ಕವೇ ಬೇರೆ. ಹೊಸದಾಗಿ ಬಂದ ಪುಸ್ತಕಗಳಿಂದ ಶುರು ಮಾಡಬಹುದು, ಅವುಗಳ ದಾಖಲೆ ಸರಿಯಾಗಿರುತ್ತದೆ. ಹಳೆಯವು ಇಶ್ಯೂಗೆ ಬಂದಾಗ ಒಂದೊಂದಾಗಿ ಸೇರುತ್ತ ಹೋಗಲಿ. ಹೀಗೆ ಮಾಡಿದರೆ ಓದುಗರು ಕೇಳುವ ಪುಸ್ತಕಗಳು ಮೊದಲು ಕಂಪ್ಯೂಟರ್‌ಗೆ ಬರುತ್ತವೆ, ಯಾರೂ ಮುಟ್ಟದವು ಕೊನೆಗೆ ಉಳಿಯುತ್ತವೆ. 1,500 ಗಂಟೆಯ ಬೆಟ್ಟವನ್ನು ಒಂದೇ ಸಲ ಹತ್ತಬೇಕಾಗಿಲ್ಲ.

ಭಯ ಕಡಿಮೆ ಮಾಡುವ ಕೆಲಸಕ್ಕೆ ಎಲ್ಲವೂ ವಿಧಾನಸೌಧದಿಂದ ಬರಬೇಕಾಗಿಲ್ಲ. 1,000 ರೂಪಾಯಿಯ ಮಿತಿ ಏರಿಸುವುದು ದೆಹಲಿಯ ಕೆಲಸ, ಹೌದು. ಆದರೆ ಖಾಸಗಿ ಮತ್ತು ಅನುದಾನಿತ ಕಾಲೇಜುಗಳ ಆಡಳಿತ ಮಂಡಳಿಗಳು ತಮ್ಮ ಮುಂದಿನ ಸಭೆಯಲ್ಲೇ ಒಂದು ಠರಾವು ಮಾಡಬಹುದು. ಆಟೊಮೇಶನ್ ವೇಳೆ ಹೊರಬಂದ ಹಳೆಯ ಕೊರತೆ ಈಗಿನ ಲೈಬ್ರರಿಯನ್ ಹೊಣೆಯಲ್ಲ. ವರ್ಷದಲ್ಲಿ ಬಳಕೆಯಾದ ಪ್ರತಿ 1,000 ಪುಸ್ತಕಕ್ಕೆ 5ರಂತೆ ನಷ್ಟವನ್ನು ಆಯಾ ವರ್ಷವೇ ಲೆಕ್ಕದಿಂದ ತೆಗೆಯತಕ್ಕದ್ದು. ಪ್ರತಿ ತಿಂಗಳು ಕಂಪ್ಯೂಟರ್‌ನಿಂದ ಮುದ್ರಿಸಿ, ಲೈಬ್ರರಿಯನ್ ಮತ್ತು ಪ್ರಿನ್ಸಿಪಾಲ್ ಸಹಿ ಮಾಡಿ ಹೊಲಿಸಿಟ್ಟ ಹಾಳೆಗಳನ್ನೇ ಅಕ್ಸೆಶನ್ ರಿಜಿಸ್ಟರ್ ಎಂದು ಒಪ್ಪತಕ್ಕದ್ದು. ಸಾಫ್ಟ್‌ವೇರ್ ಕೊಳ್ಳುವಾಗ, ಪೂರ್ತಿ ಮಾಹಿತಿಯನ್ನು ಮಾರ್ಕ್ ರೂಪದಲ್ಲಿ, ಯೂನಿಕೋಡ್ ಕನ್ನಡದಲ್ಲಿ ವಾಪಸ್ ಕೊಡುವ ಷರತ್ತನ್ನು ಒಪ್ಪಂದದಲ್ಲಿ ಬರೆಸತಕ್ಕದ್ದು. ಇಷ್ಟು ಬರೆದು, ಅದರ ಒಂದು ಪ್ರತಿಯನ್ನು ಆಡಿಟರ್‌ಗೂ ಒಂದು ಪ್ರತಿಯನ್ನು ಲೈಬ್ರರಿಯನ್‌ಗೂ ಕೊಡಿ. ಬೀರುಗಳ ಬೀಗ ತೆಗೆಯಿರಿ ಎಂದು ಕೇಳುವುದು ಅದಾದ ಮೇಲೆ.